ಶಿವಗಂಗೆಯ ನೆರಳಲ್ಲಿ ಒಂದು ಪುಟ್ಟ ವಿಮಾನ

ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಶನಿವಾರ ಬೆಳಗ್ಗೆ ನಿಶ್ಶಬ್ದವನ್ನು ನಿರೀಕ್ಷಿಸುವಂತಿಲ್ಲ. ಗುಂಡಿ ಒತ್ತಿದರೆ ಚಲಿಸುವ ಯಂತ್ರಗಳು, ಒಂದರಿಂದ ಇನ್ನೊಂದಕ್ಕೆ ಓಡುವ ಶಾಲಾ ಮಕ್ಕಳು, ಅವರನ್ನು ಎಣಿಸುತ್ತಲೇ ಸುಸ್ತಾಗುವ ಮೇಷ್ಟ್ರುಗಳು. 1962ರಲ್ಲಿ ಆರಂಭವಾದ ಈ ಸಂಗ್ರಹಾಲಯದ ಗದ್ದಲದಲ್ಲೂ ಒಂದು ಕಡೆ ಮಾತ್ರ ಹೆಜ್ಜೆಗಳು ತಾವಾಗಿ ನಿಧಾನವಾಗುತ್ತವೆ. ಅದು ರೈಟ್ ಸಹೋದರರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿಯ ಮುಂದೆ.

1903ರ ಡಿಸೆಂಬರ್ 17ರಂದು ಆ ವಿಮಾನ ಮೊದಲ ಸಲ ನೆಲ ಬಿಟ್ಟಾಗ ಹಾರಿದ್ದು 12 ಸೆಕೆಂಡು, ಕ್ರಮಿಸಿದ್ದು 120 ಅಡಿ. ಹೊಟ್ಟೆ ಅಡಿಯಾಗಿ ಮಲಗಿಕೊಂಡೇ ಅದನ್ನು ಹಾರಿಸಬೇಕಿತ್ತು. ಎಂಜಿನ್ನಿನ ಶಕ್ತಿ ಸುಮಾರು 12 ಅಶ್ವಶಕ್ತಿ. ಸೈಕಲ್ ಚೈನಿನಂಥ ಸರಪಳಿಗಳ ಮೂಲಕ ಅದು ಹಿಂಬದಿಯ ಎರಡು ಪ್ರೊಪೆಲರುಗಳನ್ನು ತಿರುಗಿಸುತ್ತಿತ್ತು. ಆದರೆ ಆ ಎಂಜಿನ್ನಿಗೆ ಥ್ರಾಟಲ್ ಇರಲಿಲ್ಲ. ಎಂದರೆ, ಹಾರುತ್ತಿರುವಾಗ ಅದರ ವೇಗವನ್ನು ಏರಿಸಿ ಇಳಿಸುವ ಹಿಡಿತವೇ ಹಾರಿಸುವವನ ಕೈಯಲ್ಲಿರಲಿಲ್ಲ.

ತುಮಕೂರಿನಿಂದ ಬೆಳಗಿನ ರೈಲಿಗೆ ಬಂದಿದ್ದ ಅಪ್ಪ-ಮಗಳ ಜೋಡಿಯೊಂದು ಆ ಪ್ರತಿಕೃತಿಯ ಮುಂದೆ ನಿಂತಿತ್ತು. ಮಗಳು ಪ್ರಥಮ ಪಿಯುಸಿ ಓದುತ್ತಿರುವವಳು. ಎನ್‌ಸಿಸಿಯ ವಾಯು ವಿಭಾಗ ಸೇರಿದ ಮೇಲೆ ಅವಳಿಗೆ ಮಾದರಿ ವಿಮಾನಗಳ ಹುಚ್ಚು ಹತ್ತಿತ್ತು. ಅಪ್ಪನದು ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ. ಹಳೆಯ ಬೆಲ್ಟೊಂದು ಅವರ ಎಡಗೈ ತೋರುಬೆರಳಿನ ತುದಿಯನ್ನು ಎಂದೋ ಕಸಿದುಕೊಂಡಿತ್ತು.

“ಥ್ರಾಟ್ಲೇ ಇಲ್ಲದೆ ಹಾರ್ಸಿದ್ರಾ? ಭಂಡ ಧೈರ್ಯ ಬಿಡು” ಎಂದರು ಅಪ್ಪ.

“ಅದಕ್ಕೇ ಅಪ್ಪ, ನಾವು ಈಗ ಥ್ರಾಟಲ್ ತರೋಕೆ ಹೋಗ್ತಿರೋದು” ಎಂದಳು ಮಗಳು.

ಅವಳ ವಿಮಾನ ರಟ್ಟಿನ ಪೆಟ್ಟಿಗೆಯಲ್ಲಿ, ರೆಕ್ಕೆ ಬೇರೆ ಒಡಲು ಬೇರೆಯಾಗಿ ಮಲಗಿತ್ತು. ದಸರಾ ರಜೆಯಿಂದ ಆರಂಭಿಸಿ ಥರ್ಮೋಕೋಲ್ ಹಾಳೆಗಳನ್ನು ಕೊಯ್ದು, ಅಂಟಿಸಿ ಮಾಡಿದ್ದು. ರಿಮೋಟು, ರಿಸೀವರು, ಪುಟ್ಟ ಮೋಟಾರು, ಬಾಲವನ್ನೂ ರೆಕ್ಕೆಯ ತುದಿಗಳನ್ನೂ ಆಡಿಸುವ ಸರ್ವೋಗಳು ಎಲ್ಲವೂ ಪರಿಚಯದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನಿಂದ ಬಂದಿದ್ದವು. ಬ್ಯಾಟರಿ ಮತ್ತು ಎಲೆಕ್ಟ್ರಾನಿಕ್ ವೇಗ ನಿಯಂತ್ರಕ ಮಾತ್ರ ಬಾಕಿ. ಹವ್ಯಾಸಿಗಳ ಬಾಯಲ್ಲಿ ಈ ನಿಯಂತ್ರಕದ ಹೆಸರು ಇಎಸ್‌ಸಿ. ಎಲ್ಲ ಕೊಂಡಾದ ಮೇಲೆ ಉಳಿದ ಹಣದಲ್ಲಿ ಕೊಳ್ಳುವ, ಬೆಂಕಿಪೊಟ್ಟಣದಷ್ಟಿರುವ ವಸ್ತು. ಬ್ಯಾಟರಿಯ ಶಕ್ತಿಗೂ ಪ್ರೊಪೆಲರಿನ ಅಲಗಿಗೂ ನಡುವೆ ನಿಲ್ಲುವ ಏಕೈಕ ಬಾಗಿಲು ಅದೇ ಎಂಬುದು ಬಹಳ ಮಂದಿಗೆ ತಡವಾಗಿ ಹೊಳೆಯುತ್ತದೆ.

ಅಪ್ಪ ಹಣ ಕೊಡಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. “ಭಾನುವಾರ ಹಾರ್ಸೋಕೆ ಮುಂಚೆ, ಇದು ಯಾವಾಗ ತಿರುಗುತ್ತೆ, ಯಾವಾಗ ತಿರುಗಲ್ಲ ಅಂತ ನಂಗೆ ತೋರಿಸ್ಬೇಕು. ನಂಗೆ ಒಪ್ಪಿಗೆ ಆಗದಿದ್ರೆ ಪೆಟ್ಟಿಗೆ ಹಂಗೇ ಊರಿಗೆ ವಾಪಸ್ಸು.”

ಎಸ್.ಪಿ. ರಸ್ತೆಯ ಲೆಕ್ಕಾಚಾರ

ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ಹಳೆಯ ಬೆಂಗಳೂರು ಎದುರಾಗುತ್ತದೆ. ಅವೆನ್ಯೂ ರಸ್ತೆಯ ಪುಸ್ತಕದ ಅಂಗಡಿಗಳು ಪ್ರತಿ ಜೂನ್ ತಿಂಗಳಲ್ಲೂ ಪೋಷಕರ ಜೇಬನ್ನು ಸ್ವಲ್ಪ ಉಳಿಸಿ ಕಳಿಸುವಂಥವು. ಜೆ.ಸಿ. ರಸ್ತೆಯಲ್ಲಿ ಕಾರು, ಲಾರಿಗಳ ಬಿಡಿಭಾಗ. ಇವುಗಳ ಸಮೀಪದಲ್ಲೇ ಸಾದರ ಪತ್ರಪ್ಪ ರಸ್ತೆ. ಎಲ್ಲರ ಬಾಯಲ್ಲಿ ಎಸ್.ಪಿ. ರಸ್ತೆ. ಕಂಪ್ಯೂಟರು, ಕೇಬಲ್ಲು, ಟ್ರಾನ್ಸ್‌ಫಾರ್ಮರು, ಎಲ್‌ಇಡಿ ದೀಪ, ಒಂದು ರೂಪಾಯಿಯ ರೆಸಿಸ್ಟರು, ಇಲ್ಲಿ ಇಲ್ಲದ್ದು ಇಲ್ಲ. ತಲೆಯ ಮೇಲೆ ತಂತಿಗಳ ಜಾಲ, ಕಾಲಿನ ಬಳಿ ತಳ್ಳುಗಾಡಿ. ಕಿರಿದಾದ ಮೆಟ್ಟಿಲು ಹತ್ತಿದರೆ ಮೇಲೊಂದು ಅಂಗಡಿ, ಅದರ ಒಳಗೊಂದು ಅಂಗಡಿ. ಕಾಲೇಜಿನ ಪ್ರಾಜೆಕ್ಟ್ ಮಾಡುವ ಹುಡುಗ ಹುಡುಗಿಯರಿಗೆ ಇದು ಅರ್ಧ ಗ್ರಂಥಾಲಯ ಇದ್ದಂತೆ.

ಮಹಡಿಯ ಮೇಲಿನ ಅಂಗಡಿಯಾತ ಇಎಸ್‌ಸಿ ತೆಗೆದುಕೊಡುವ ಮೊದಲು ಮೂರು ಪ್ರಶ್ನೆ ಕೇಳಿದ. ಮೋಟಾರು ಯಾವುದು? ಬ್ಯಾಟರಿ ಎಷ್ಟು ಸೆಲ್ಲಿನದು? ಪ್ರೊಪೆಲರ್ ಎಷ್ಟು ಇಂಚಿನದು? ಈ ಮೂರಕ್ಕೆ ಉತ್ತರ ಗೊತ್ತಿಲ್ಲದೆ ಇಎಸ್‌ಸಿ ಕೊಳ್ಳುವುದು ಕಾಲಿನ ಅಳತೆ ಇಲ್ಲದೆ ಚಪ್ಪಲಿ ಕೊಂಡಂತೆ.

ಮಗಳ ನೋಟ್‌ಬುಕ್ಕಿನಲ್ಲಿ ಉತ್ತರ ಇತ್ತು. ಮೋಟಾರು 1000 ಕೆವಿಯದು. ಈ ‘ಕೆವಿ’ ಕಿಲೋವೋಲ್ಟ್ ಅಲ್ಲ. ಹೊರೆ ಇಲ್ಲದಿದ್ದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. ಮೂರು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿಯ ಸಾಧಾರಣ ವೋಲ್ಟೇಜು 11.1, ಪೂರ್ತಿ ಚಾರ್ಜ್ ಆದಾಗ 12.6. ಅಲ್ಲಿಗೆ ಬರಿಯ ಮೋಟಾರು ನಿಮಿಷಕ್ಕೆ 11 ಸಾವಿರ ಸುತ್ತನ್ನು ಮುಟ್ಟಬಲ್ಲದು. 10 ಇಂಚಿನ ಪ್ರೊಪೆಲರ್ ಸಿಕ್ಕಿಸಿದರೆ ಸುತ್ತು ಇಳಿಯುತ್ತದೆ, ಎಳೆಯುವ ಕರೆಂಟು ಏರುತ್ತದೆ. ಅವಳ ಜೋಡಣೆಗೆ ಸುಮಾರು 15 ಆಂಪಿಯರ್.

“ಹಂಗಾದ್ರೆ ಇಪ್ಪತ್ತು ಆಂಪಿಯರ್‌ದು ಸಾಕಲ್ಲಾ?” ಎಂದರು ಅಪ್ಪ.

“ಸಾಕು ಸಾರ್. ಆದ್ರೆ ನಾಳೆ ನಿಮ್ಮ ಮಗಳು ಹನ್ನೊಂದು ಇಂಚಿನ ಪ್ರೊಪೆಲರ್ ಹಾಕ್ತಾರೆ. ಆವಾಗ ಏನ್ಮಾಡ್ತೀರಾ?” ಎಂದ ಅಂಗಡಿಯಾತ. ಪ್ರೊಪೆಲರ್ ಒಂದೇ ಇಂಚು ದೊಡ್ಡದಾದರೂ ಕರೆಂಟು ಲೆಕ್ಕಕ್ಕಿಂತ ಬಲು ಹೆಚ್ಚು ಏರುತ್ತದೆ. ಇಎಸ್‌ಸಿಯ ಮೇಲೆ ಬರೆದ ಅಂಕಿಯಾದರೂ ಗಾಳಿ ಚೆನ್ನಾಗಿ ಆಡುತ್ತಿರುವಾಗಿನ ಮಾತು; ಥರ್ಮೋಕೋಲಿನ ಒಡಲೊಳಗೆ ಉಸಿರುಕಟ್ಟಿ ಕುಳಿತಾಗಿನದಲ್ಲ. ಕೊನೆಗೆ ಕೊಂಡದ್ದು 30 ಆಂಪಿಯರಿನದು. ತೂಕದಲ್ಲಿ ಕೆಲವೇ ಗ್ರಾಂ ವ್ಯತ್ಯಾಸ, ನೆಮ್ಮದಿಯಲ್ಲಿ ಬಹಳ.

ಬ್ಯಾಟರಿಯೂ ಆ ಕರೆಂಟು ಕೊಡಬಲ್ಲದಾಗಿರಬೇಕು. 2200 ಮಿಲಿಆಂಪಿಯರ್ ಗಂಟೆಯ, 25 ‘ಸಿ’ ಎಂದು ಬರೆದ ಬ್ಯಾಟರಿ 2.2 ಗುಣಿಸು 25, ಅಂದರೆ 55 ಆಂಪಿಯರ್ ಕೊಡಬಲ್ಲದೆಂದು ತಯಾರಕರ ಮಾತು. ಆ ಮಾತಿನಲ್ಲಿ ಅರ್ಧವನ್ನೇ ನಂಬಿದರೂ 15ಕ್ಕೆ ಧಾರಾಳ.

ಪೊಟ್ಟಣ ಬಿಚ್ಚಿದ ಅಪ್ಪನ ಕಣ್ಣು ಇಎಸ್‌ಸಿಯ ಒಂದು ತುದಿಯಲ್ಲೇ ನಿಂತಿತು. ಅಲ್ಲಿ ಮೂರು ತಂತಿಗಳಿದ್ದವು. “ಇದೇನೇ, ತ್ರೀ ಫೇಸ್!” ಎಂದರು. ಇಡೀ ದಿನದಲ್ಲಿ ಅವರ ಮುಖ ಅರಳಿದ್ದು ಅದೇ ಮೊದಲು.

ಹೌದು, ತ್ರೀ ಫೇಸೇ. ಬ್ಯಾಟರಿಯಿಂದ ಬರುವ ಏಕಮುಖ ವಿದ್ಯುತ್ತನ್ನು ಇಎಸ್‌ಸಿಯೊಳಗಿನ ಟ್ರಾನ್ಸಿಸ್ಟರುಗಳು ಸರದಿಯಂತೆ ಮೂರು ಸುರುಳಿಗಳಿಗೆ ಹಂಚುತ್ತವೆ. ಯಾವುದೇ ಕ್ಷಣದಲ್ಲಿ ಎರಡು ತಂತಿಗಳಲ್ಲಿ ಕರೆಂಟು ಹರಿದರೆ, ಸುಮ್ಮನಿರುವ ಮೂರನೆಯದರಲ್ಲಿ ಹುಟ್ಟುವ ವೋಲ್ಟೇಜನ್ನು ಓದಿ, ತಿರುಗುವ ಭಾಗ ಎಲ್ಲಿದೆಯೆಂದು ಇಎಸ್‌ಸಿ ತಿಳಿದುಕೊಳ್ಳುತ್ತದೆ. ನಮ್ಮ ಮನೆಯ, ಹೊಲದ ವಿದ್ಯುತ್ತಿಗೆ ಸೆಕೆಂಡಿಗೆ 50 ಆವರ್ತ. ಈ ಮೋಟಾರಿನಲ್ಲಿ 14 ಅಯಸ್ಕಾಂತ ಧ್ರುವಗಳು, ಅಂದರೆ ಏಳು ಜೋಡಿ. ನಿಮಿಷಕ್ಕೆ 8000 ಸುತ್ತು ತಿರುಗುವಾಗ ಇಎಸ್‌ಸಿ ಸೆಕೆಂಡಿಗೆ 930ಕ್ಕೂ ಹೆಚ್ಚು ಆವರ್ತಗಳನ್ನು ಹುಟ್ಟಿಸಬೇಕು. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯನ್ನು ಗೋಡೆಗೆ ಮೊಳೆ ಹೊಡೆದು ಕೂರಿಸುತ್ತ ಬಂದವರಿಗೆ, ಅಂಗೈಯಲ್ಲಿ ಅಡಗುವ ಈ ಸ್ಟಾರ್ಟರನ್ನು ನೋಡಿ ಅಚ್ಚರಿಯಾಗದಿದ್ದೀತೆ?

ಚಿಕ್ಕಮ್ಮನ ಮನೆಯ ಊಟದ ಮೇಜು

ರಾಜಾಜಿನಗರದ ಚಿಕ್ಕಮ್ಮನ ಮನೆಯಲ್ಲಿ ರಾತ್ರಿಯ ಊಟವಾದ ಮೇಲೆ ಮೇಜಿನ ಮೇಲೆ ಹಳೆಯ ದಿನಪತ್ರಿಕೆ ಹಾಸಲಾಯಿತು. ಬೆಸುಗೆಯ ಕೆಲಸ ಅಪ್ಪನದು, ಓದಿ ಹೇಳುವುದು ಮಗಳದು.

ಮೊದಲ ಎಚ್ಚರಿಕೆ ಕೆಂಪು-ಕಪ್ಪು ತಂತಿಗಳದು. ಬ್ಯಾಟರಿಯ ಹಳದಿ ಕನೆಕ್ಟರ್ ತಿರುಗುಮುರುಗಾಗಿ ಕೂರುವುದಿಲ್ಲ, ನಿಜ. ಆದರೆ ಅದಕ್ಕೆ ಬೆಸುಗೆ ಹಾಕುವ ಕೈ ತಪ್ಪಬಹುದಲ್ಲ? ಪ್ಲಸ್-ಮೈನಸ್ ಅದಲುಬದಲಾದರೆ ಇಎಸ್‌ಸಿ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಬೆಸುಗೆ ತಣಿದ ಮೇಲೆ, ಬ್ಯಾಟರಿ ಜೋಡಿಸುವ ಮೊದಲು, ಅಪ್ಪ ಮಲ್ಟಿಮೀಟರ್ ಇಟ್ಟು ಎರಡೆರಡು ಸಲ ನೋಡಿದರು. ಬರಿಯ ತಂತಿ ಕಾಣುವ ಕಡೆಯೆಲ್ಲ ಶಾಖಕ್ಕೆ ಕುಗ್ಗುವ ತೋಳು ಹಾಕಿದರು.

ಬ್ಯಾಟರಿ ಮೂಗಿನಿಂದ ತುಸು ಹಿಂದೆ ಕೂರಬೇಕಿದ್ದರಿಂದ ತಂತಿ ಗಿಡ್ಡವಾಯಿತು. ಬ್ಯಾಟರಿ ಕಡೆಯ ತಂತಿಯನ್ನೇ ಉದ್ದ ಮಾಡಿದರಾಯಿತು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಅದನ್ನೇ ಮಾಡಬಾರದು. ಇಎಸ್‌ಸಿ ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕಡಿದು ಕೂಡಿಸುತ್ತದೆ. ಬ್ಯಾಟರಿಯ ತಂತಿ ಉದ್ದವಾದಷ್ಟೂ ಆ ಕಡಿತದಲ್ಲಿ ವೋಲ್ಟೇಜು ಚಿಮ್ಮಿ ಒಳಗಿನ ಕೆಪಾಸಿಟರುಗಳನ್ನು ಹಾಳುಮಾಡುತ್ತದೆ. ಉದ್ದ ಬೇಕಾದರೆ ಮೋಟಾರಿನ ಕಡೆಯ ಮೂರು ತಂತಿಗಳನ್ನು ಉದ್ದ ಮಾಡಬೇಕು. ಹಾಗೆಯೇ ಮಾಡಲಾಯಿತು.

ಇಎಸ್‌ಸಿಗೆ ಜಾಗ ಸಿಕ್ಕಿದ್ದು ಮೂಗಿನ ಕೆಳಗಿನ ಕಿಂಡಿಯ ಬಳಿ. ಒಳಗೆ ಬಂದ ಗಾಳಿ ಹೊರಗೆ ಹೋಗಲು ಹಿಂದೆ ಇನ್ನೂ ದೊಡ್ಡ ಕಿಂಡಿ ಬೇಕು. ಇಲ್ಲದಿದ್ದರೆ ಬಂದ ಗಾಳಿ ಒಳಗೇ ನಿಂತುಬಿಡುತ್ತದೆ. ರೇಡಿಯೊ ಸಂಕೇತ ಹಿಡಿಯುವ ರಿಸೀವರನ್ನು ಈ ದಪ್ಪ ತಂತಿಗಳಿಂದ ಸಾಧ್ಯವಾದಷ್ಟು ದೂರ ಕೂರಿಸಿದರು.

ಇಎಸ್‌ಸಿಯಿಂದ ರಿಸೀವರಿಗೆ ಹೋಗುವ ಮೂರೆಳೆಯ ಸಣ್ಣ ತಂತಿ ನೋಡಲು ಬಡಕಲು. ಆದರೆ ವಿಮಾನದ ಪ್ರಾಣ ಅದರಲ್ಲಿದೆ. ಒಂದು ಎಳೆ ರಿಸೀವರಿನ ಆಜ್ಞೆಯನ್ನು ತರುತ್ತದೆ: ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಉದ್ದದ ಮಿಡಿತವೆಂದರೆ ‘ನಿಲ್ಲು’, ಅದರ ಎರಡರಷ್ಟೆಂದರೆ ‘ಪೂರ್ಣ ವೇಗ’. ಉಳಿದೆರಡು ಎಳೆಗಳು ರಿಸೀವರಿಗೂ ಸರ್ವೋಗಳಿಗೂ 5 ವೋಲ್ಟ್ ಒಯ್ಯುತ್ತವೆ. ಈ 5 ವೋಲ್ಟ್ ಮಾಡಿಕೊಡುವ ಭಾಗಕ್ಕೆ ಬಿಇಸಿ ಎಂದು ಹೆಸರು. ಹಳೆಯ ಮಾದರಿಯ ಸರಳ ಬಿಇಸಿ 12.6 ವೋಲ್ಟನ್ನು 5ಕ್ಕೆ ಇಳಿಸುವಾಗ ಉಳಿದ 7.6 ವೋಲ್ಟನ್ನು ಶಾಖವಾಗಿ ಕಳೆಯುತ್ತದೆ. ಒಂದು ಆಂಪಿಯರ್ ಹರಿದರೆ 7.6 ವಾಟ್ ಬಿಸಿ. ಸರ್ವೋಗಳು ಹೆಚ್ಚಾಗಿ ಬಿಇಸಿ ಬಳಲಿದರೆ ರಿಸೀವರಿಗೆ ಕತ್ತಲೆ. ಆಕಾಶದಲ್ಲಿರುವ ವಿಮಾನ ಯಾರ ಮಾತನ್ನೂ ಕೇಳುವುದಿಲ್ಲ. ನಾಲ್ಕು ಸಣ್ಣ ಸರ್ವೋ, ಮೂರು ಸೆಲ್ಲು ಇರುವಲ್ಲಿ ಒಳ್ಳೆಯ ಬಿಇಸಿ ನಿಭಾಯಿಸುತ್ತದೆ. ಅದಕ್ಕಿಂತ ದೊಡ್ಡ ವಿಮಾನಕ್ಕೆ ಪ್ರತ್ಯೇಕ ಬಿಇಸಿ ಇಡುವುದೇ ಕ್ಷೇಮ.

ಇಷ್ಟೂ ಹೊತ್ತು ಪ್ರೊಪೆಲರ್ ಚಿಕ್ಕಮ್ಮನ ಅಡುಗೆಮನೆಯ ಶೆಲ್ಫಿನ ಮೇಲಿತ್ತು. ಮೇಜಿನ ಮೇಲೆ ಬ್ಯಾಟರಿ ಜೋಡಿಸುವಾಗ ಮೋಟಾರಿನಲ್ಲಿ ಪ್ರೊಪೆಲರ್ ಇರಕೂಡದು. ಇದಕ್ಕೆ ‘ಒಂದೇ ಒಂದು ನಿಮಿಷ’ ಎಂಬ ರಿಯಾಯಿತಿಯೂ ಇಲ್ಲ.

ಮೊದಲು ರಿಮೋಟ್ ಚಾಲೂ, ಆಮೇಲೆ ಬ್ಯಾಟರಿ. ಹೊಸ ಇಎಸ್‌ಸಿಗೆ ರಿಮೋಟಿನ ಕಡ್ಡಿಯ ಮೇಲಿನ ತುದಿ ಯಾವುದು, ಕೆಳಗಿನದು ಯಾವುದು ಎಂದು ಕಲಿಸಬೇಕು. ಅದಕ್ಕಾಗಿ ಮಗಳು ಕಡ್ಡಿಯನ್ನು ಪೂರ್ತಿ ಮೇಲೆ ಇಟ್ಟು ಬ್ಯಾಟರಿ ಜೋಡಿಸಿದಳು. ಕನೆಕ್ಟರಿನಲ್ಲಿ ಚಟ್ ಎಂದು ಕಿಡಿ. ಕೆಪಾಸಿಟರುಗಳು ತುಂಬಿಕೊಳ್ಳುವ ಸದ್ದು. ಪೀಂ ಪೀಂ ಎಂದಿತು ಮೋಟಾರು. ಕಡ್ಡಿಯನ್ನು ಕೆಳಗೆ ಇಳಿಸಿದಳು. ಉದ್ದನೆಯ ಒಂದು ಪೀಂ. ಕಲಿಕೆ ಮುಗಿಯಿತು. ವಿಧಾನ ತಯಾರಕರಿಂದ ತಯಾರಕರಿಗೆ ತುಸು ಬದಲಾಗುತ್ತದೆ. ಜೊತೆಗೆ ಬಂದ ಚೀಟಿಯನ್ನು ಓದಲೇಬೇಕು. ಈ ಪೀಂಕಾರಕ್ಕೆ ಬೇರೆ ಸ್ಪೀಕರ್ ಇಲ್ಲ. ಮೋಟಾರಿನ ಸುರುಳಿಗಳನ್ನೇ ಇಎಸ್‌ಸಿ ಕಂಪಿಸಿ ಹಾಡಿಸುತ್ತದೆ.

ಕಡ್ಡಿ ತುಸು ಮೇಲೆತ್ತಿದಾಗ ಮೋಟಾರು ತಿರುಗಿತು, ಆದರೆ ಉಲ್ಟಾ. ಮಗಳು ಚೀಟಿ ಹುಡುಕುವಷ್ಟರಲ್ಲಿ ಅಪ್ಪ ಬ್ಯಾಟರಿ ತೆಗೆದು, ಮೂರರಲ್ಲಿ ಎರಡು ತಂತಿಗಳನ್ನು ಅದಲುಬದಲು ಮಾಡಿದರು. ಈಗ ಸರಿ. ಬೋರ್‌ವೆಲ್ಲಿನ ಪಂಪು ಉಲ್ಟಾ ತಿರುಗಿದಾಗ ರೈತರು ಮಾಡುವುದೂ ಅದನ್ನೇ ಅಲ್ಲವೇ? “ಇನ್ನೊಂದು ನೆನಪಿಟ್ಕೋ. ಮೂರರಲ್ಲಿ ಒಂದು ಲೂಸಾದ್ರೆ ಸಿಂಗಲ್ ಫೇಸಿಂಗ್. ಗುರ್ ಅಂತ ನಡುಗುತ್ತೆ, ತಿರುಗಲ್ಲ. ಆವಾಗ ಕಡ್ಡಿ ಇನ್ನೂ ಎತ್ಬೇಡ, ಕೂಡ್ಲೆ ಬ್ಯಾಟ್ರಿ ತೆಗಿ” ಎಂದರು ಅಪ್ಪ. ಇಎಸ್‌ಸಿಯ ಚೀಟಿಯಲ್ಲಿ ಕಡೆಯ ಪುಟದಲ್ಲಿದ್ದ ಮಾತೂ ಅದೇ.

ಆ ಒಂದು ಪರೀಕ್ಷೆ

ಇನ್ನು ಉಳಿದಿದ್ದು ಒಂದೇ ಪರೀಕ್ಷೆ. ಹಾರುತ್ತಿರುವಾಗ ರಿಮೋಟಿನ ಸಂಕೇತ ತಪ್ಪಿಹೋದರೆ ಏನಾಗುತ್ತದೆ? ಮೋಟಾರು ತಾನಾಗಿ ನಿಲ್ಲಬೇಕು. ಇದಕ್ಕೆ ಫೇಲ್‌ಸೇಫ್ ಎನ್ನುತ್ತಾರೆ. “ನಿಲ್ಲುತ್ತೆ ಅಪ್ಪ, ನೋಡು” ಎಂದು ಮಗಳು ರಿಮೋಟಿನ ಸ್ವಿಚ್ಚನ್ನು ಆರಿಸಿದಳು.

ನಿಂತಿದ್ದ ಮೋಟಾರು ಭರ್ರನೆ ತಿರುಗತೊಡಗಿತು.

ಚಿಕ್ಕಮ್ಮ ಅಡುಗೆಮನೆಯಿಂದ ಓಡಿಬಂದರು. ಅಪ್ಪ ಕೈಚಾಚಿ ಬ್ಯಾಟರಿ ಎಳೆದರು. ಮೌನ. ಮಗಳ ಮುಖ ಬಿಳಿಚಿಕೊಂಡಿತ್ತು. ಅಡುಗೆಮನೆಯ ಶೆಲ್ಫಿನಲ್ಲಿದ್ದ ಪ್ರೊಪೆಲರ್ ಆ ಕ್ಷಣದಲ್ಲಿ ಮೋಟಾರಿನ ಮೇಲೆ ಇದ್ದಿದ್ದರೆ?

ಅಪ್ಪ ಮಾತಾಡಲಿಲ್ಲ. ದಿನಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ ಲೆಕ್ಕ ಹಾಕಿದರು. 10 ಇಂಚಿನ ಪ್ರೊಪೆಲರಿನ ತುದಿ ಒಂದು ಸುತ್ತಿಗೆ ಸುಮಾರು 80 ಸೆಂಟಿಮೀಟರ್ ಓಡುತ್ತದೆ. ನಿಮಿಷಕ್ಕೆ 8000 ಸುತ್ತೆಂದರೆ ಸೆಕೆಂಡಿಗೆ 133. ಅಂದರೆ ತುದಿಯ ವೇಗ ಸೆಕೆಂಡಿಗೆ 106 ಮೀಟರ್. ಗಂಟೆಗೆ 380 ಕಿಲೋಮೀಟರ್. ಆ ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದು ಪತ್ರಿಕೆಯನ್ನು ಮಗಳ ಕಡೆ ತಳ್ಳಿದರು. ಪೆಟ್ಟಿಗೆ ಊರಿಗೆ ವಾಪಸ್ಸಾಗುವುದು ಖಚಿತವೆಂದು ಅವಳಿಗೆ ಅನ್ನಿಸಿತು.

ಅವಳು ಅಳಲಿಲ್ಲ. ರಿಸೀವರಿನ ಚೀಟಿ ತೆಗೆದು ಓದುತ್ತ ಕುಳಿತಳು. ಅರ್ಧ ಗಂಟೆಯ ಮೇಲೆ ಕಾರಣ ಸಿಕ್ಕಿತು. ರಿಮೋಟಿಗೂ ರಿಸೀವರಿಗೂ ಮೊದಲ ಸಲ ಪರಿಚಯ ಮಾಡಿಸುವ ಕ್ರಿಯೆಗೆ ‘ಬೈಂಡ್’ ಎಂದು ಹೆಸರು. ಆ ಹೊತ್ತಿನಲ್ಲಿ ಕಡ್ಡಿಗಳು ಎಲ್ಲಿರುತ್ತವೋ ಅದನ್ನೇ ಹಲವು ರಿಸೀವರುಗಳು ಫೇಲ್‌ಸೇಫ್ ಎಂದು ನೆನಪಿಟ್ಟುಕೊಳ್ಳುತ್ತವೆ. ತುಮಕೂರಿನಲ್ಲಿ ಬೈಂಡ್ ಮಾಡುವಾಗ ಥ್ರಾಟಲ್ ಕಡ್ಡಿ ನಡುವಿನಲ್ಲಿ ನಿಂತಿತ್ತು. ಯಂತ್ರ ತಪ್ಪು ಮಾಡಿರಲಿಲ್ಲ. ಹೇಳಿಕೊಟ್ಟಿದ್ದನ್ನು ಚಾಚೂ ತಪ್ಪದೆ ಮಾಡಿತ್ತು.

ಕಡ್ಡಿಯನ್ನು ಪೂರ್ತಿ ಕೆಳಗಿಟ್ಟು ಮತ್ತೆ ಬೈಂಡ್ ಮಾಡಿದಳು. ಮೋಟಾರು ನಿಧಾನ ತಿರುಗುತ್ತಿರುವಾಗ ರಿಮೋಟ್ ಆರಿಸಿದಳು. ಮೋಟಾರು ನಿಂತಿತು. ಮತ್ತೊಮ್ಮೆ. ನಿಂತಿತು. ಹತ್ತು ಸಲ ಮಾಡಿಸಿದ ಮೇಲೆ ಅಪ್ಪ ತಲೆಯಾಡಿಸಿದರು.

“ನಾನು ತಿರುಗುತ್ತೆ ಅಂತ ಬೈದಿಲ್ಲ. ತಿರುಗುತ್ತೆ ಅಂತ ಗೊತ್ತಿಲ್ದೆ ಹೊಲಕ್ಕೆ ಹೋಗಿದ್ರೆ ಏನ್ಗತಿ ಅಂತ ಯೋಚ್ನೆ ಮಾಡ್ತಿದ್ದೆ. ಪ್ರೊಪೆಲರ್ ಬಿಚ್ಚಿಟ್ಟು ನೋಡಿದ್ಯಲ್ಲ, ಅಷ್ಟು ಬುದ್ಧಿ ನನ್ನ ವಯಸ್ಸಲ್ಲಿ ನಂಗಿರ್ಲಿಲ್ಲ” ಎಂದು ಎಡಗೈ ಬೆರಳನ್ನು ನೋಡಿಕೊಂಡರು.

ಬ್ಯಾಟರಿಯನ್ನು ಬಾಲ್ಕನಿಯ ಕಲ್ಲುನೆಲದ ಮೇಲೆ, ಖಾಲಿ ಹೂಕುಂಡದಲ್ಲಿಟ್ಟು ಚಾರ್ಜಿಗೆ ಹಾಕಲಾಯಿತು. 2200 ಮಿಲಿಆಂಪಿಯರ್ ಗಂಟೆಯ ಬ್ಯಾಟರಿಗೆ 2.2 ಆಂಪಿಯರ್ ಮೀರದ ಚಾರ್ಜು, ಪ್ರತಿ ಸೆಲ್ಲನ್ನೂ ಸಮ ಮಾಡುವ ಬ್ಯಾಲೆನ್ಸ್ ಚಾರ್ಜರು. ಲಿಥಿಯಂ ಪಾಲಿಮರ್ ಬ್ಯಾಟರಿ ಕೆರಳಿದರೆ ಬೆಂಕಿಯೇ. ಉಬ್ಬಿದ್ದನ್ನು ಬಳಸಬಾರದು, ಚಾರ್ಜಿಗೆ ಹಾಕಿ ಮಲಗಬಾರದು. ಒಂದು ಗಂಟೆಗೂ ಮೀರಿ ಅಪ್ಪ ಅಲ್ಲೇ ಕುರ್ಚಿ ಹಾಕಿಕೊಂಡು ಕುಳಿತರು.

ರಾಗಿ ಕೊಯ್ದ ಹೊಲದಲ್ಲಿ

ಭಾನುವಾರ ಬೆಳಗಿನ ಬಸ್ಸು ನೆಲಮಂಗಲ ದಾಟಿ ಡಾಬಸ್‌ಪೇಟೆ ತಲುಪುವಷ್ಟರಲ್ಲಿ ಮಂಜು ಕರಗತೊಡಗಿತ್ತು. ಎಡಕ್ಕೆ ಶಿವಗಂಗೆ ಬೆಟ್ಟ. ಪೂರ್ವದಿಂದ ನೋಡಿದರೆ ನಂದಿ, ಪಶ್ಚಿಮದಿಂದ ಗಣಪ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಸರ್ಪ ಎಂದು ಈ ಸೀಮೆಯ ಹಿರಿಯರು ಹೇಳುತ್ತಾರೆ. ಯಾವ ದಿಕ್ಕಿಗೆ ಯಾವ ರೂಪ ಎಂಬುದರಲ್ಲಿ ಹೇಳುವವರ ನಡುವೆ ಭಿನ್ನಮತ ಉಂಟು. ಒಳಕಲ್ಲು ತೀರ್ಥದಲ್ಲಿ ಕೈಯಿಟ್ಟು ನೀರು ಸಿಗುತ್ತದೋ ಎಂದು ನೋಡುವ ಭಕ್ತರು ಆಗಲೇ ಬೆಟ್ಟ ಹತ್ತುತ್ತಿದ್ದರು.

ಬೆಟ್ಟದಿಂದಲೂ ಊರಿನಿಂದಲೂ ವಿದ್ಯುತ್ ತಂತಿಗಳಿಂದಲೂ ದೂರವಿದ್ದ ರಾಗಿ ಕೊಯ್ದ ಹೊಲವೊಂದರಲ್ಲಿ, ಹೊಲದವರ ಒಪ್ಪಿಗೆ ಪಡೆದು, ನಾಲ್ಕೈದು ಹವ್ಯಾಸಿಗಳು ಸೇರಿದ್ದರು. ಬೆಂಗಳೂರಿನಲ್ಲೇ ಹಾರಿಸಬಾರದೇಕೆ? ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಎಂದು ಆ ನಗರದ ಸುತ್ತ ವಿಮಾನ ನೆಲೆಗಳು. 2021ರ ಡ್ರೋನ್ ನಿಯಮಗಳು ಕಲಿಕೆಗೂ ವಿನೋದಕ್ಕೂ ಕಣ್ಣಳತೆಯಲ್ಲಿ ಹಾರಿಸುವ ಮಾದರಿ ವಿಮಾನಗಳನ್ನೂ ಒಳಗೊಂಡಿವೆ. ಆಕಾಶವನ್ನು ಕೆಂಪು, ಹಳದಿ, ಹಸಿರು ಎಂದು ಹಂಚಿವೆ. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಬೇಕು, ಹಳದಿಯಲ್ಲಿ ವಾಯು ಸಂಚಾರ ನಿಯಂತ್ರಣದವರದು. ಹಸಿರಿನಲ್ಲೂ 400 ಅಡಿಯ ಮಿತಿ. ನಕ್ಷೆಯನ್ನೂ ನೋಂದಣಿಯ ನಿಯಮವನ್ನೂ ಹೊರಡುವ ಮುನ್ನ ನೋಡಿಕೊಳ್ಳುವುದು ಹಾರಿಸುವವರ ಹೊಣೆ.

ಗುಂಪಿನ ಹಿರಿಯರು ಕಾರ್ಖಾನೆಯ ಕೆಲಸದಿಂದ ನಿವೃತ್ತರಾದವರು. ಎಣ್ಣೆ ಕುಡಿಯುವ ಪುಟ್ಟ ಎಂಜಿನ್ನುಗಳ ಕಾಲದಿಂದಲೂ ಮಾದರಿ ವಿಮಾನ ಹಾರಿಸುತ್ತ ಬಂದವರು. ಅವರು ವಿಮಾನದ ಬಣ್ಣ ನೋಡಲಿಲ್ಲ, ರೆಕ್ಕೆ ನೋಡಲಿಲ್ಲ. “ಏನಮ್ಮಾ, ಫೇಲ್‌ಸೇಫ್ ನೋಡಿದೀಯಾ?” ಎಂದು ಕೇಳಿದರು.

ಅಪ್ಪ-ಮಗಳು ಮುಖ ಮುಖ ನೋಡಿಕೊಂಡರು. “ನೋಡಿದೀನಿ ಸಾರ್. ಹತ್ತು ಸಲ.”

ಹಿರಿಯರು ಅಪ್ಪನ ಕಡೆ ತಿರುಗಿದರು. “ಆ ಕಾಲದ ಎಂಜಿನ್ನು ಗಲಾಟೆ ಮಾಡ್ತಿತ್ತು ಸ್ವಾಮಿ. ಇಪ್ಪತ್ತು ಸಲ ತಿರುವಿದ್ರೂ ಸ್ಟಾರ್ಟ್ ಆಗ್ತಿರ್ಲಿಲ್ಲ. ಏನಾದ್ರೂ ಅಡ್ಡ ಬಂದ್ರೆ ಎಷ್ಟೋ ಸಲ ನಿಂತೇ ಹೋಗ್ತಿತ್ತು. ಈ ಕರೆಂಟ್ ಮೋಟಾರು ಹಂಗಲ್ಲ. ಸದ್ದಿಲ್ದೆ ಕೂತಿರುತ್ತೆ, ಸತ್ತಿದೆ ಅನ್ಕೋಬೇಕು. ತಡೆದ್ರೆ ಇನ್ನಷ್ಟು ಕರೆಂಟ್ ಎಳ್ದು ತಿರುಗೋಕೆ ನೋಡುತ್ತೆ. ಬ್ಯಾಟ್ರಿ ಚುಚ್ಚಿದ್ರೆ ಮುಗೀತು, ಪ್ರೊಪೆಲರ್ ತಿರುಗ್ತಿದೆ ಅಂತಾನೇ ಲೆಕ್ಕ.”

ಪ್ರೊಪೆಲರ್ ಈಗ ಮೂಗಿಗೇರಿತು. ನಟ್ಟು ಬಿಗಿಯಾಯಿತು. ಮಗಳು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದ ಚೀಟಿಯನ್ನು ಗಟ್ಟಿಯಾಗಿ ಓದುತ್ತ ಒಂದೊಂದನ್ನೇ ಮಾಡಿದಳು. ಥ್ರಾಟಲ್ ಕಡ್ಡಿ ಕೆಳಗೆ. ಮೋಟಾರು ಕಡಿತದ ಸ್ವಿಚ್ಚು ಹಾಕಿದೆ. ರಿಮೋಟ್ ಚಾಲೂ. ಅಪ್ಪ ವಿಮಾನವನ್ನು ಹಿಂದಿನಿಂದ ಹಿಡಿದಿದ್ದಾರೆ. ಪ್ರೊಪೆಲರಿನ ಮುಂದಾಗಲಿ, ಅದರ ಸುತ್ತಿನ ನೇರಕ್ಕಾಗಲಿ ಯಾರೂ ಇಲ್ಲ. ಅಂಗಿಯ ತೋಳು ಮಡಚಿದೆ, ಕೊರಳ ದಾರ ಒಳಗಿದೆ. ಈಗ ಬ್ಯಾಟರಿ. ಪೀಂ, ಪೀಂ, ಪೀಂ. ಮೂರು ಸೆಲ್ಲು ಎಂದಿತು ಇಎಸ್‌ಸಿ.

ಹಿರಿಯರು ರಿಮೋಟನ್ನು ಕಡಿಮೆ ಶಕ್ತಿಯ ಪರೀಕ್ಷೆಗೆ ಹಾಕಿಸಿ, ಅವಳನ್ನು ಮೂವತ್ತು ಹೆಜ್ಜೆ ದೂರ ನಡೆಸಿ ಸರ್ವೋಗಳು ಮಾತು ಕೇಳುವುದನ್ನು ನೋಡಿದರು. ಅವಳು ಮರಳಿ ಬಂದ ಮೇಲೆ ಅಪ್ಪ ವಿಮಾನವನ್ನು ಬಿಗಿಯಾಗಿ ಹಿಡಿದಿರುವಂತೆ ಅರ್ಧ ನಿಮಿಷ ಪೂರ್ಣ ವೇಗ. ಆಮೇಲೆ ಬ್ಯಾಟರಿ ತೆಗೆದು ಇಎಸ್‌ಸಿಯನ್ನು ಮುಟ್ಟಿ ನೋಡಿದರು, ಬೆಚ್ಚಗಿತ್ತು, ಸುಡುತ್ತಿರಲಿಲ್ಲ.

ಹಾರಾಟಕ್ಕೂ ಲೆಕ್ಕ ಉಂಟು. ಬ್ಯಾಟರಿಯ ಐದರಲ್ಲಿ ನಾಲ್ಕು ಪಾಲನ್ನಷ್ಟೇ ಬಳಸಬೇಕು. ಸರಾಸರಿ 10 ಆಂಪಿಯರ್ ಖರ್ಚಾದರೆ ಅದು ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಹಿರಿಯರು ಗಡಿಯಾರಕ್ಕೆ ಏಳು ನಿಮಿಷ ಇಟ್ಟರು. ಮರೆತರೂ ಸೆಲ್ಲಿನ ವೋಲ್ಟೇಜು 3ರ ಆಸುಪಾಸಿಗೆ ಇಳಿದಾಗ ಇಎಸ್‌ಸಿ ಮೋಟಾರಿನ ಶಕ್ತಿಯನ್ನು ಕಡಿತಗೊಳಿಸಿ, ಉಳಿದದ್ದನ್ನು ಬಾಲ, ರೆಕ್ಕೆಗಳ ಹಿಡಿತಕ್ಕೆ ಕಾಯ್ದಿಡುತ್ತದೆ. ಮನೆಯಲ್ಲಿ ಅಕ್ಕಿ ಮುಗಿಯುತ್ತ ಬಂದಾಗ ತಾಯಿ ಮಾಡುವ ಏರ್ಪಾಟಿನಂತೆ. ಆದರೆ ಆ ಏರ್ಪಾಟನ್ನು ನೆಚ್ಚಿ ಹಾರಿಸುವುದು ಜಾಣತನವಲ್ಲ.

ಗಾಳಿಗೆ ಎದುರಾಗಿ ಅಪ್ಪನೇ ವಿಮಾನವನ್ನು ತಳ್ಳಿದರು. ಕ್ಷಣಕಾಲ ಮುಗ್ಗರಿಸಿದಂತಾಗಿ, ಮೂಗೆತ್ತಿ, ಏರಿತು. ಪಕ್ಕದಲ್ಲಿ ನಿಂತ ಹಿರಿಯರು “ಥ್ರಾಟಲ್ ಅರ್ಧ ಇಳಿಸು, ಆತುರ ಬೇಡ” ಎನ್ನುತ್ತಿದ್ದರು. ಬಿಳಿಯ ರೆಕ್ಕೆ ನಂದಿಯ ಬೆನ್ನಿನಂತಿದ್ದ ಬಂಡೆಯ ಎದುರು ಎಡಕ್ಕೆ ತಿರುಗಿತು, ಮತ್ತೆ ಎಡಕ್ಕೆ. ರೈಟ್ ಸಹೋದರರಿಗೆ ಇಲ್ಲದಿದ್ದ ಹಿಡಿತ ತುಮಕೂರಿನ ಹುಡುಗಿಯ ಹೆಬ್ಬೆರಳಿನ ಕೆಳಗಿತ್ತು. ಏರಿಸಿದರೆ ಏರಿತು, ಇಳಿಸಿದರೆ ಸದ್ದಿಲ್ಲದೆ ತೇಲಿತು. ಬೆಟ್ಟ ಹತ್ತುತ್ತಿದ್ದ ಯಾರೋ ನಿಂತು ಕೈ ತೋರಿಸುತ್ತಿದ್ದುದು ಕಂಡಿತು.

ಏಳು ನಿಮಿಷಕ್ಕೆ ಗಡಿಯಾರ ಕೂಗಿತು. ವಿಮಾನ ಎರಡು ಸಲ ಪುಟಿದು, ರಾಗಿಯ ಕೂಳೆಯಲ್ಲಿ ಒಂದು ರೆಕ್ಕೆ ಊರಿ ನಿಂತಿತು. ಹುಡುಗಿ ಓಡಿದಳು. ಹಿಂದಿನಿಂದ ಅಪ್ಪ “ಮೊದ್ಲು ಬ್ಯಾಟ್ರಿ!” ಎಂದು ಕೂಗುವಷ್ಟರಲ್ಲಿ ಅವಳು ಮೋಟಾರು ಕಡಿತದ ಸ್ವಿಚ್ಚು ಹಾಕಿ, ಪ್ರೊಪೆಲರಿನ ಹಿಂದಿನಿಂದ ಬಾಗಿ, ಹಳದಿ ಕನೆಕ್ಟರನ್ನು ಎಳೆದು ಎರಡು ಭಾಗ ಮಾಡಿ ಆಗಿತ್ತು. ಆಮೇಲೆಯೇ ರಿಮೋಟನ್ನು ಆರಿಸಿದಳು. ಜೋಡಿಸುವಾಗ ಬ್ಯಾಟರಿ ಕೊನೆಗೆ, ಬಿಚ್ಚುವಾಗ ಬ್ಯಾಟರಿ ಮೊದಲಿಗೆ.

ಅಪ್ಪ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತರು. ಬೇರೆಯಾಗಿದ್ದ ಕನೆಕ್ಟರನ್ನು ಒಮ್ಮೆ ನೋಡಿದರು. ಆಮೇಲೆ ತುದಿಯಿಲ್ಲದ ಆ ಬೆರಳಿನಿಂದ ಪ್ರೊಪೆಲರನ್ನು ನಿಧಾನವಾಗಿ ತಿರುಗಿಸಿದರು.

“ಇನ್ನೊಂದು ಬ್ಯಾಟ್ರಿ ತಂದಿದ್ರೆ ಚೆನ್ನಾಗಿರ್ತಿತ್ತು ಕಣೇ” ಎಂದರು.